ಕಲಾವಿದನ ಎರಡು ಬದುಕು: ಗೂಢಚಾರಿ ಹಾಸ್ಯ ಕಿರುಚಿತ್ರ ಬರೆದು ತೆಗೆಯುವ ಸಮಗ್ರ ಮಾರ್ಗದರ್ಶಿ

ತುಮಕೂರಿನ ಸುತ್ತಮುತ್ತ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ನನಗೆ ಸ್ಕ್ರಿಪ್ಟ್ ಓದಲು ಕೊಡುತ್ತಾರೆ. ಅವುಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ಹಗಲು ಮಿಮಿಕ್ರಿ ಮಾಡುವವನು ರಾತ್ರಿ ಗೂಢಚಾರಿ. ಅಥವಾ ಆರ್ಕೆಸ್ಟ್ರಾದಲ್ಲಿ ಹಾಡುವವಳು ಅಸಲಿಗೆ ಪೊಲೀಸರ ಕಣ್ಣು. ಕಥೆ ಬಾಯಲ್ಲಿ ಹೇಳಿದಾಗ ಎಲ್ಲರೂ ನಗುತ್ತಾರೆ. ಸಿನಿಮಾ ಆಗಿ ಬಂದಾಗ ಯಾರೂ ನಗುವುದಿಲ್ಲ.

ಸೋಲುವ ಜಾಗ ಪ್ರತಿ ಸಲವೂ ಒಂದೇ. ಮೊದಲ ಅರ್ಧ ಹಾಸ್ಯ ಸಿನಿಮಾ, ಉಳಿದರ್ಧ ಪತ್ತೇದಾರಿ ಸಿನಿಮಾ. ಎರಡನ್ನೂ ಅಂಟಿಸಿದ ಗೆರೆ ಎದ್ದು ಕಾಣುತ್ತದೆ. ಗೂಢಚಾರಿಕೆ ಶುರುವಾದ ಕೂಡಲೇ ನಗು ನಿಂತುಹೋಗುತ್ತದೆ, ನಗು ಬಂದ ಕೂಡಲೇ ಭಯ ಹೋಗುತ್ತದೆ. ಇದಕ್ಕೆ ಕಾರಣ ಕ್ಯಾಮೆರಾ ಅಲ್ಲ, ನಟನೆಯೂ ಅಲ್ಲ. ಬರೆಯುವಾಗಲೇ ಕಲಾವಿದನ ಕೆಲಸ ಬೇರೆ, ಗೂಢಚಾರಿಯ ಕೆಲಸ ಬೇರೆ ಅಂತ ಇಟ್ಟುಕೊಂಡಿರುತ್ತೀರಿ. ಅವೆರಡೂ ಒಂದೇ ಕೆಲಸ ಆಗಬೇಕು.

ಇಲ್ಲಿ ಹೇಳುವುದು 15 ನಿಮಿಷದ ಚಿತ್ರಕ್ಕೆ, ಐದಾರು ಜನರ ತಂಡಕ್ಕೆ. ಹಂತಗಳ ಕ್ರಮ ಬದಲಿಸಬೇಡಿ. ಜಾಸ್ತಿ ಜನ ಎಡವುವುದು ಮೊದಲ ನಾಲ್ಕು ಹಂತ ಬಿಟ್ಟು ಸೀದಾ ಕ್ಯಾಮೆರಾ ಕೈಗೆತ್ತಿಕೊಳ್ಳುವುದರಿಂದ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್. ಮ್ಯಾನುವಲ್ ಸೆಟ್ಟಿಂಗ್ ಇರುವ ಕ್ಯಾಮೆರಾ ಆ್ಯಪ್ ಹಾಕಿದ ಫೋನು. ಟ್ರೈಪಾಡ್. ಎರಡು ಕಾಲರ್ ಮೈಕ್. ಸದ್ದು ಬೇರೆಯಾಗಿ ಹಿಡಿಯಲು ಇನ್ನೊಂದು ಫೋನು ಅಥವಾ ರೆಕಾರ್ಡರ್. ತುಂಬಿದ ಪವರ್ ಬ್ಯಾಂಕ್ ಮೂರು, ಯಾಕೆಂದರೆ ಹಳ್ಳಿಯಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ. ದುಡ್ಡು ಮಿಕ್ಕಿದರೆ ಮೈಕ್‌ಗೆ ಹಾಕಿ, ಲೆನ್ಸ್‌ಗೆ ಬೇಡ. ಹಾಸ್ಯದಲ್ಲಿ ಒಂದು ಮಾತು ಕೇಳಿಸದಿದ್ದರೆ ನಗು ಹೋಯಿತು.

## ಹಂತ 1: ಗೂಢಚಾರಿಯನ್ನು ಮರೆತು ಕಲಾವಿದನನ್ನು ನೋಡಿ

ಮೊದಲು ಆ ಕಲಾವಿದ ಏನು ಮಾಡುತ್ತಾನೆ, ಎಷ್ಟು ಹೊತ್ತಿಗೆ, ಯಾರ ಜೊತೆ, ಎಷ್ಟು ದುಡ್ಡಿಗೆ ಅಂತ ತಿಳಿಯಿರಿ. ಕೊನೇ ಪಕ್ಷ ಎರಡು ಸಂಜೆ ಅವರ ಪಕ್ಕದಲ್ಲಿ ಸುಮ್ನೆ ಕೂತಿರಿ. ಪ್ರಶ್ನೆ ಕಡಿಮೆ ಕೇಳಿ, ಕೈಕಾಲು ಜಾಸ್ತಿ ಗಮನಿಸಿ.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಹಿಡಿಯೋಣ: ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಕಡೆ ಜಾತ್ರೆ ಬಂದರೆ ಊರಿನವರೇ ಬಣ್ಣ ಹಚ್ಚುತ್ತಾರೆ. ರೇಷನ್ ಅಂಗಡಿಯವರು ದುರ್ಯೋಧನ, ಟ್ರ್ಯಾಕ್ಟರ್ ಓಡಿಸುವವರು ಭೀಮ. ಪಾತ್ರಕ್ಕೆ ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ತಿಂಗಳುಗಟ್ಟಲೆ ಮೇಷ್ಟ್ರು ಬಂದು ಕಂದಪದ್ಯ, ರಂಗಗೀತೆ ಬಾಯಿಪಾಠ ಮಾಡಿಸುತ್ತಾರೆ. ನಾಟಕ ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೆ.

ಈಗ ಗೂಢಚಾರಿಯ ಕಣ್ಣಿಂದ ನೋಡಿ. ಮೇಷ್ಟ್ರು ಊರಿಂದ ಊರಿಗೆ ಹೋಗುತ್ತಾರೆ, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ಊಟ ಹಾಕುತ್ತಾರೆ. ರಂಗದ ಬದಿಯಲ್ಲೇ ಕೂರುವುದರಿಂದ ಮೇಲೆ ಹತ್ತುವ ಪ್ರತಿ ಕೈ ಅವರಿಗೆ ಕಾಣುತ್ತದೆ. ಇದು ಅನುಕೂಲ. ಅಡಚಣೆ ಅದಕ್ಕಿಂತ ಚೆನ್ನಾಗಿದೆ: ಲೆಗ್ ಹಾರ್ಮೋನಿಯಂ ಆದರೆ ಕಾಲಲ್ಲಿ ತಿದಿ ತುಳಿಯಬೇಕು, ಎರಡು ಕೈಯಲ್ಲೂ ನುಡಿಸಬೇಕು. ಪದ್ಯ ನಡೆಯುತ್ತಿರುವಷ್ಟು ಹೊತ್ತು ಈ ಗೂಢಚಾರಿ ಕೂತ ಜಾಗ ಬಿಟ್ಟು ಏಳುವ ಹಾಗಿಲ್ಲ! ನಿಮ್ಮ ಹಾಸ್ಯ ಹುಟ್ಟುವುದು ಈ ಅಡಚಣೆಯಿಂದ. ಹಾಗಾಗಿ ನೋಟ್‌ಬುಕ್‌ನಲ್ಲಿ ಕಲಾವಿದ ಏನು ಮಾಡಬಲ್ಲ ಅನ್ನುವುದಕ್ಕಿಂತ ಏನು ಮಾಡಲಾರ ಅನ್ನುವುದನ್ನು ದೊಡ್ಡದಾಗಿ ಬರೆದುಕೊಳ್ಳಿ.

ಕಲಾವಿದರನ್ನು ಬೇಹಿಗೆ ಬಳಸುವುದು ನಾವು ಕಟ್ಟಿದ ಕಥೆಯಲ್ಲ. ನಟರು, ಹಾಡುವವರು, ವಾದ್ಯ ನುಡಿಸುವವರ ವೇಷದ ಗೂಢಚಾರರ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಗಾಯಕಿ ಜೋಸೆಫೀನ್ ಬೇಕರ್ ತನ್ನ ಸಂಗೀತದ ಹಾಳೆಗಳ ಮೇಲೆ ಕಾಣದ ಶಾಯಿಯಲ್ಲಿ ಬರೆದ ಸುದ್ದಿಯನ್ನು ಗಡಿ ದಾಟಿಸಿದ್ದರು. ಅವರು ಅವಿತುಕೊಂಡು ಹೋಗಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು, ಅದಕ್ಕೇ ಯಾರೂ ಅವರ ಹಾಳೆಗಳನ್ನು ನೋಡಲಿಲ್ಲ. ನಿಮ್ಮ ಪಾತ್ರವೂ ಹಾಗೆಯೇ ಇರಲಿ. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಪಕ್ಕ ನಿಲ್ಲುವವನು ಬೇಡ.

ಎಚ್ಚರಿಕೆ: ಮೇಷ್ಟ್ರನ್ನು ತೆಗೆದು ಜಾದೂಗಾರನನ್ನು ಹಾಕಿದರೂ ನಿಮ್ಮ ಕಥೆ ಹಾಗೇ ನಡೆಯುತ್ತದೆಯಾ? ಹಾಗಾದರೆ ಈ ಹಂತ ಮುಗಿದಿಲ್ಲ. ಇನ್ನೊಂದು ಸಂಜೆ ಹೋಗಿ ಕೂತು ಬನ್ನಿ.

## ಹಂತ 2: ಗುಟ್ಟನ್ನು ಚಿಕ್ಕದು ಮಾಡಿ

ದೇಶದ ಕ್ಷಿಪಣಿ ನಕ್ಷೆ, ಪರಮಾಣು ಸೂತ್ರ, ವಿದೇಶಿ ಏಜೆಂಟ್. ಇವನ್ನು ದಯವಿಟ್ಟು ಬಿಡಿ. 15 ನಿಮಿಷದಲ್ಲಿ ನಂಬಿಸಲು ಆಗುವುದಿಲ್ಲ, ತೋರಿಸಲು ದುಡ್ಡೂ ಇರುವುದಿಲ್ಲ. ಗುಟ್ಟು ಆ ಕಲಾವಿದನ ಜಗತ್ತಿನ ಒಳಗಿಂದಲೇ ಬರಬೇಕು.

ನಾಟಕದ ಮಧ್ಯೆ ಅಭಿಮಾನಿಗಳು, ನೆಂಟರು ರಂಗಕ್ಕೆ ಹತ್ತಿ ಹಾರ ಹಾಕಿ ನೋಟು ಕೊಡುತ್ತಾರೆ. ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಖೋಟಾ ನೋಟು ಚಲಾಯಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ರಾತ್ರಿ, ಗದ್ದಲ, ಕಣ್ಣು ಕುಕ್ಕುವ ಬೆಳಕು. ಬಣ್ಣ ಹಚ್ಚಿದವನು ನೋಟನ್ನು ಬೆಳಕಿಗೆ ಹಿಡಿದು ನೋಡುವುದಿಲ್ಲ. ನಮ್ಮ ಮೇಷ್ಟ್ರ ಕೆಲಸ ಇಷ್ಟೇ: ಕೊಡುವ ಕೈ ಯಾವುದು ಅಂತ ನೋಡಿ, ಜನರ ಮಧ್ಯೆ ಕೂತಿರುವ ಗುಪ್ತಚರ ವಿಭಾಗದ ಸಾಹೇಬರಿಗೆ ಸುಳಿವು ಕೊಡುವುದು. ಒಂದೇ ವಾಕ್ಯದಲ್ಲಿ ಹೇಳಲು ಬಂತು ಅಲ್ವಾ? ನಿಮ್ಮದೂ ಬರಬೇಕು.

ಇಲ್ಲೇ ಇನ್ನೊಂದು ತೀರ್ಮಾನ ಮಾಡಿಬಿಡಿ. ಎರಡನೇ ಬದುಕು ನಿಜವೋ, ಕಲಾವಿದನ ಕಲ್ಪನೆಯೋ? ಅಮೆರಿಕದ ಟಿವಿ ನಿರೂಪಕ ಚಕ್ ಬ್ಯಾರಿಸ್ ತಾನು ಆ ದೇಶದ ಗುಪ್ತಚರ ಸಂಸ್ಥೆ ಸಿಐಎಗಾಗಿ ಕೊಲೆಗಳನ್ನು ಮಾಡಿದವನು ಅಂತ 1984ರ ಆತ್ಮಕಥೆಯಲ್ಲಿ ಬರೆದುಕೊಂಡ. ಸಿಐಎ ಅದನ್ನು ಅಲ್ಲಗಳೆಯಿತು. 2002ರಲ್ಲಿ ಆ ಪುಸ್ತಕ ಸಿನಿಮಾ ಆಯಿತು. ನಿಜವೋ ಸುಳ್ಳೋ ಅನ್ನುವ ಅನುಮಾನವೇ ಅಂಥ ಕಥೆಯ ಜೀವ. ಆದರೆ ಅನುಮಾನ ಕಟ್ಟಲು ಸಮಯ ಬೇಕು. ಕಿರುಚಿತ್ರದಲ್ಲಿ ಅದನ್ನು ಮಾಡಹೋದವರು ಕೊನೆಗೆ ‘ಎಲ್ಲಾ ಕನಸು’ ಅಂತ ಮುಗಿಸಿ ನೋಡುಗರಿಗೆ ಮೋಸ ಮಾಡುತ್ತಾರೆ. ಮೊದಲ ಚಿತ್ರದಲ್ಲಿ ಎರಡನೇ ಬದುಕು ನಿಜವೇ ಆಗಿರಲಿ.

## ಹಂತ 3: ಎರಡೂ ಬದುಕಿಗೆ ಒಂದೇ ವಸ್ತು

ಒಂದು ವಸ್ತು ಆರಿಸಿಕೊಳ್ಳಿ. ಅದು ಕಲಾವಿದನ ಹೊಟ್ಟೆಪಾಡೂ ಆಗಿರಬೇಕು, ಗೂಢಚಾರಿಯ ಸಾಧನವೂ ಆಗಿರಬೇಕು. ಒಂದಕ್ಕೆ ಬಳಸಿದಾಗ ಇನ್ನೊಂದು ಕೆಡಬೇಕು.

ನಮ್ಮ ವಸ್ತು ಪೆಟ್ಟಿಗೆ, ಅಂದರೆ ಹಾರ್ಮೋನಿಯಂ. ತಿದಿಯ ಗಾಳಿ ರೀಡ್ ಅನ್ನುವ ಹಿತ್ತಾಳೆಯ ತೆಳು ಪಟ್ಟಿಯ ಮೂಲಕ ಹಾಯ್ದು ಅದು ಅದುರಿದಾಗ ಸ್ವರ ಬರುತ್ತದೆ. ರೀಡ್‌ಗೆ ಕಾಗದದ ಚೂರು ತಾಗಿದರೆ ಆ ಸ್ವರ ಗೊರಗೊರ ಅನ್ನುತ್ತದೆ, ಇಲ್ಲವೇ ಪೂರ್ತಿ ಕಟ್ಟಿಹೋಗುತ್ತದೆ. ಸಾಹೇಬರು ಕೊಟ್ಟ ಚೀಟಿಯನ್ನು ಮೇಷ್ಟ್ರು ಪೆಟ್ಟಿಗೆಯೊಳಗೆ ಬಚ್ಚಿಡುತ್ತಾರೆ. ಅದು ಜಾರಿ ಮಧ್ಯಮದ, ಅಂದರೆ ‘ಮ’ ಸ್ವರದ, ರೀಡ್ ಮೇಲೆ ಕೂರುತ್ತದೆ. ದುರ್ಯೋಧನನ ಕಂದಪದ್ಯ ಸರಿಯಾಗಿ ಆ ಸ್ವರದ ಮೇಲೆ ನಿಲ್ಲಬೇಕು. ದುಡ್ಡು ಹಾಕಿ ಪಾತ್ರ ತಗೊಂಡವರು ಅವರು, ಹೆಂಡತಿಯ ತವರಿನವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಇಲ್ಲಿ ಯಾರೂ ಜೋಕ್ ಹೇಳಲಿಲ್ಲ. ಗುಟ್ಟು ಕಾಪಾಡುವ ಕೆಲಸ ಪದ್ಯ ಕೆಡಿಸಿತು, ಪದ್ಯ ಸರಿಮಾಡಲು ಹೋದರೆ ಗುಟ್ಟು ಹೊರಬೀಳುತ್ತದೆ. ನಗುವೂ ಭಯವೂ ಒಂದೇ ಸ್ವರದಿಂದ ಬಂತು.

ವಸ್ತು ಒಂದೇ ಇರಲಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಒಂದು ಸ್ಕ್ರಿಪ್ಟ್‌ನಲ್ಲಿ ಪೆನ್ ಕ್ಯಾಮೆರಾ, ಕನ್ನಡಕದ ಮೈಕ್, ಜೊತೆಗೆ ಹಳೇ ಎಚ್‌ಎಂಟಿ ಕೈಗಡಿಯಾರ ಮೂರೂ ಇದ್ದವು. ತುಮಕೂರಿನಲ್ಲೇ ತಯಾರಾಗುತ್ತಿದ್ದ ಆ ಗಡಿಯಾರವೊಂದೇ ಸಾಕಿತ್ತು: ದಿನಾ ಕೀ ಕೊಡಬೇಕು, ಎರಡು ಕೈಯೂ ಪೆಟ್ಟಿಗೆ ಮೇಲಿರುವವನು ಯಾವಾಗ ಕೊಡುತ್ತಾನೆ? ಮೂರು ವಸ್ತು ಇದ್ದದ್ದರಿಂದ ಈ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ.

ಕೈಚಳಕ ತೋರಿಸುವುದಿದ್ದರೆ ಕಲಾವಿದನ ಕೈಚಳಕವನ್ನೇ ತೋರಿಸಿ. 1953ರಲ್ಲಿ ಸಿಐಎ ತನ್ನವರಿಗೆ ವಸ್ತು ಬಚ್ಚಿಡುವ, ಜಾರಿಸುವ ಕಲೆಯ ಕೈಪಿಡಿ ಬರೆಸಿದ್ದು ಜಾನ್ ಮಲ್ಹೋಲಂಡ್ ಎಂಬ ಜಾದೂಗಾರನ ಕೈಲಿ. ಕಲಾವಿದ ಗೂಢಚಾರಿಕೆ ಕಲಿಯುವುದಕ್ಕಿಂತ ಗೂಢಚಾರರೇ ಕಲಾವಿದನ ಹತ್ತಿರ ಕಲಿಯುವುದು ಹೆಚ್ಚು ಸಹಜ.

## ಹಂತ 4: ಎರಡು ಕೆಲಸವೂ ಒಂದೇ ಗಳಿಗೆಗೆ ಬೀಳಲಿ

ಇಡೀ ಚಿತ್ರದ ಬೆನ್ನೆಲುಬು ಇದೇ ಹಂತ. ಇದಕ್ಕೆ ಎರಡು ವಾರ ಹೋದರೂ ಹೋಗಲಿ.

ಮೇಷ್ಟ್ರು ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಹಾಗಾದರೆ ಸುಳಿವು ಕೊಡುವುದು ಹೇಗೆ? ಹಾಡಿನಲ್ಲೇ. ಪಲ್ಲವಿ ಒಂದು ಸಲ ನುಡಿಸಿದರೆ ‘ಏನೂ ಇಲ್ಲ’. ಎರಡು ಸಲ ನುಡಿಸಿದರೆ ‘ಅವನು ಬಂದ’. ಮೂರು ಸಲ ನುಡಿಸಿದರೆ ‘ಈಗಲೇ ಹಿಡಿಯಿರಿ’. ಒಳ್ಳೆಯ ಗುರುತು, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಇದು ಕುರುಕ್ಷೇತ್ರ ನಾಟಕ. ಹಾಡು ಚೆನ್ನಾಗಿದ್ದರೆ ಜನ ‘ಒನ್ಸ್ ಮೋರ್’ ಅನ್ನುತ್ತಾರೆ. ಮೇಷ್ಟ್ರು ಚೆನ್ನಾಗಿ ನುಡಿಸಿದಷ್ಟೂ ತಪ್ಪು ಸುದ್ದಿ ಹೋಗುತ್ತದೆ.

ಇದನ್ನು ಬರೆಯುವ ಕ್ರಮ ಹೀಗಿದೆ.

ಮೊದಲು, ಗುರುತಿನ ಲೆಕ್ಕವನ್ನು ನೋಡುಗರಿಗೆ ಸ್ಪಷ್ಟವಾಗಿ ಹೇಳಿ. ಗುಟ್ಟು ಅಂತ ನೋಡುಗರಿಂದಲೂ ಮುಚ್ಚಿಡಬೇಡಿ. ಅವರಿಗೆ ಲೆಕ್ಕ ಗೊತ್ತಿದ್ದರೆ ಮಾತ್ರ ಲೆಕ್ಕ ತಪ್ಪಿದಾಗ ನಗು ಬರುತ್ತದೆ.

ಎರಡನೆಯದು, ಆ ಗುರುತು ಒಂದು ಸಲ ಸರಿಯಾಗಿ ಕೆಲಸ ಮಾಡುವುದನ್ನು ತೋರಿಸಿ. ಅಭ್ಯಾಸದ ರಾತ್ರಿ ಮೇಷ್ಟ್ರು ಎರಡು ಸಲ ನುಡಿಸುತ್ತಾರೆ, ದೂರದಲ್ಲಿ ಬೀಡಿ ಹಚ್ಚುತ್ತಿದ್ದ ಸಾಹೇಬರು ತಲೆ ಎತ್ತುತ್ತಾರೆ. ಹತ್ತು ಸೆಕೆಂಡ್ ಸಾಕು. ನಾನು ಓದಿದ ಹೆಚ್ಚಿನ ಸ್ಕ್ರಿಪ್ಟ್‌ಗಳು ಬಿದ್ದಿರುವುದು ಈ ಹತ್ತು ಸೆಕೆಂಡ್ ಇಲ್ಲದೆ. ಸರಿ ಹೇಗಿರುತ್ತದೆ ಅಂತ ನೋಡದವರಿಗೆ ತಪ್ಪು ತಪ್ಪಾಗಿ ಕಾಣುವುದಿಲ್ಲ.

ಮೂರನೆಯದು, ನಾಟಕದ ರಾತ್ರಿ ಮೊದಲ ‘ಒನ್ಸ್ ಮೋರ್’. ಖೋಟಾ ನೋಟಿನವನು ಇನ್ನೂ ಬಂದಿಲ್ಲ. ಆದರೂ ಪಲ್ಲವಿ ಎರಡು ಸಲ ಆಗಿಹೋಯಿತು. ಸಾಹೇಬರು ಎದ್ದು ನಿಂತರು.

ನಾಲ್ಕನೆಯದು, ಸರಿಮಾಡಲು ಹೋಗಿ ಇನ್ನೂ ಕೆಡುವುದು. ಜನ ಒನ್ಸ್ ಮೋರ್ ಕೇಳಬಾರದು ಅಂತ ಮೇಷ್ಟ್ರು ಬೇಕಂತಲೇ ಸಪ್ಪೆಯಾಗಿ ನುಡಿಸುತ್ತಾರೆ. 30 ವರ್ಷ ಕಾಪಾಡಿಕೊಂಡ ಹೆಸರು ಅದು. ಶ್ರೀಕೃಷ್ಣ ಹಾಡುತ್ತಲೇ ತಿರುಗಿ ದುರುಗುಟ್ಟಿ ನೋಡುತ್ತಾನೆ. ಇಲ್ಲಿ ಅವಸರ ಮಾಡಬೇಡಿ. ಕಲಾವಿದ ತನ್ನ ಕಲೆಯನ್ನು ತಾನೇ ಕೆಡಿಸಬೇಕಾದ ಈ ಗಳಿಗೆಯಲ್ಲಿ ನೋಡುಗರು ನಗುತ್ತಾರೆ, ಜೊತೆಗೆ ಸಂಕಟವನ್ನೂ ಪಡುತ್ತಾರೆ. ಮೇಷ್ಟ್ರ ಮುಖದ ಮೇಲೆ ಕ್ಯಾಮೆರಾ ನಿಲ್ಲಿಸಿ.

ಕೊನೆಗೆ, ಬಿಡಿಸಿಕೊಳ್ಳುವುದು. ದಾರಿ ಕಲಾವಿದನ ಕಸುಬಿನಿಂದಲೇ ಬರಬೇಕು. ಹೊಡೆದಾಟದಿಂದ ಬೇಡ, ಫೋನ್ ಕರೆಯಿಂದಲೂ ಬೇಡ. ನಮ್ಮ ಮೇಷ್ಟ್ರು ನಡುರಾತ್ರಿ ಒಂದು ಗಂಟೆಗೆ ಮಂಗಳ ನುಡಿಸಿಬಿಡುತ್ತಾರೆ. ಮಂಗಳ ಕೇಳಿದರೆ ನಾಟಕ ಮುಗಿಯಿತು ಅಂತ ಅರ್ಥ. ಜನ ಚಾಪೆ ಮಡಚಿ ಏಳುತ್ತಾರೆ, ದಾರಿಯೆಲ್ಲ ತುಂಬುತ್ತದೆ, ನೋಟಿನವನು ಓಡಲಾರ. ಭೀಮನ ಪಾತ್ರಧಾರಿ ಇನ್ನೂ ರಂಗಕ್ಕೇ ಬಂದಿಲ್ಲ. ಸಂಜೆಯಿಂದ ಬಣ್ಣ ಹಚ್ಚಿಕೊಂಡು ಕಾದಿದ್ದಾನೆ. ಗದೆ ಎತ್ತಿಕೊಂಡು ಮೇಷ್ಟ್ರನ್ನು ಕೇಳಲು ನುಗ್ಗುತ್ತಾನೆ. ಎದುರಿಗೆ ಸಿಕ್ಕವನು ಯಾರು ಅಂತ ನಿಮಗೇ ಗೊತ್ತಾಯಿತು.

ಎಚ್ಚರಿಕೆ: ನಿಮ್ಮ ನಾಯಕ ರಂಗದಿಂದ ಇಳಿದು, ಬಟ್ಟೆ ಬದಲಿಸಿ, ಬೇರೆ ಜಾಗಕ್ಕೆ ಹೋಗಿ ಗೂಢಚಾರಿಕೆ ಮಾಡುತ್ತಿದ್ದರೆ ಮತ್ತೆ ಎರಡು ಸಿನಿಮಾ ಆಯಿತು.

## ಹಂತ 5: ಮೊದಲ ಎರಡು ನಿಮಿಷ

ನೋಡುಗರು ಎರಡು ನಿಮಿಷದೊಳಗೆ ಒಂದು ಸಲ ನಗಬೇಕು, ಒಂದು ಸಲ ಬೆಚ್ಚಬೇಕು. ಎರಡೂ ಒಂದೇ ದೃಶ್ಯದಲ್ಲಿ ಆದರೆ ಒಳ್ಳೆಯದು. ಆಮೇಲೆ ನೀವು ಎತ್ತ ತಿರುಗಿದರೂ ಅವರು ಜೊತೆಗೆ ಬರುತ್ತಾರೆ.

ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲ್. ಮೇಷ್ಟ್ರು ತಟ್ಟೆ ಎತ್ತಿದರೆ ಕೆಳಗೆ ಚೀಟಿ ಇರಬೇಕು. ಇಲ್ಲ. ಪಕ್ಕದ ಟೇಬಲ್‌ನಲ್ಲಿ ಒಂದು ಮಗು ಚೀಟಿಯ ಮೇಲೆ ಬೆಣ್ಣೆ ಇಟ್ಟುಕೊಂಡು ನೆಕ್ಕುತ್ತಿದೆ. ಮಗುವಿನ ಎದುರು ಕೂತ ಅಪ್ಪನ ಮುಖ ನಮಗೆ ಕಾಣುವುದಿಲ್ಲ, ಅವನು ಎಣಿಸುತ್ತಿರುವ ಹೊಸ ನೋಟಿನ ಕಟ್ಟು ಮಾತ್ರ ಕಾಣುತ್ತದೆ.

ಪಾತ್ರಗಳಿಗೆ ತಾವು ಹಾಸ್ಯ ಚಿತ್ರದಲ್ಲಿದ್ದೇವೆ ಅಂತ ಗೊತ್ತಿರಬಾರದು. ಅಪಾಯ ಅವರಿಗೆ ನಿಜವಾದ ಅಪಾಯ. ನಟರು ನಗಿಸಲು ಮುಖ ಮಾಡುತ್ತಿದ್ದರೆ ಅಲ್ಲೇ ನಿಲ್ಲಿಸಿ. ಹಾಗೇ ಗೂಢಚಾರಿಕೆಯ ದೃಶ್ಯ ಬಂದಾಗಲೆಲ್ಲ ಬೆಳಕು ನೀಲಿ ಮಾಡುವುದು, ದಡದಡ ಸಂಗೀತ ಹಾಕುವುದು ಬೇಡ. ಪ್ರತಿ ಸಲ ‘ಈಗ ಸಿನಿಮಾ ಬದಲಾಯಿತು’ ಅಂತ ನೀವೇ ಗಂಟೆ ಹೊಡೆದ ಹಾಗಾಗುತ್ತದೆ.

## ಹಂತ 6: ಮಾತು

‘ನನ್ನ ನಿಜವಾದ ಗುರುತು ಬಯಲಾದರೆ ಈ ಕಾರ್ಯಾಚರಣೆ ವಿಫಲವಾಗುತ್ತದೆ’ ಅಂತ ತುಮಕೂರಿನಲ್ಲಿ ಯಾರೂ ಮಾತಾಡುವುದಿಲ್ಲ. ಡಬ್ಬಿಂಗ್ ಸಿನಿಮಾದಿಂದ ಬಂದ ಈ ಭಾಷೆ ಬಿಡಿ. ಭಯವನ್ನೂ ಊರಿನ ಮಾತಿನಲ್ಲೇ ಬರೆಯಿರಿ:

— ಮೇಷ್ಟ್ರೇ, ಪೆಟ್ಟಿಗೆ ಯಾಕೋ ಗೊರಗೊರ ಅಂತೈತೆ.
— ಥಂಡಿ ಕಣಪ್ಪ. ನೀನು ಶ್ರುತಿ ಹಿಡ್ಕೊ.
— ಪೆಟ್ಟಿಗೆಗೂ ಥಂಡಿ ಆಗ್ತೈತಾ?
— ರಾತ್ರಿಯೆಲ್ಲಾ ಬಯಲಲ್ಲಿ ಕುಂತ್ರೆ ಯಾರಿಗಾದ್ರೂ ಆಗ್ತೈತೆ.

ಬರೆದದ್ದನ್ನು ಜೋರಾಗಿ ಓದಿಸಿ ಕೇಳಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅಂತ ಲೆಕ್ಕ. 15 ನಿಮಿಷಕ್ಕೆ 22 ಪುಟ ಬರೆದಿದ್ದರೆ ಮೊದಲು ವಿವರಣೆಯ ಮಾತು ಕತ್ತರಿಸಿ.

## ಹಂತ 7: ಜಾಗ, ಅನುಮತಿ, ಕಾನೂನು

ಗೂಢಚಾರಿ ಚಿತ್ರ ತೆಗೆಯುವವರು ಬೇರೆಯವರಿಗಿಂತ ಬೇಗ ತೊಂದರೆಗೆ ಸಿಕ್ಕಿಬೀಳುತ್ತಾರೆ. ದೂರದಿಂದ ನೋಡುವವರಿಗೆ ಅದು ಸಿನಿಮಾ ಅಂತ ಗೊತ್ತಾಗುವುದಿಲ್ಲ.

ಖೋಟಾ ನೋಟು ತೋರಿಸಬೇಕು ಅಂತ ನೋಟಿನ ಜೆರಾಕ್ಸ್ ಮಾಡಿಸಬೇಡಿ, ಪ್ರಿಂಟೂ ಹಾಕಿಸಬೇಡಿ. ನೋಟಿನಂತೆ ಕಾಣುವ ಕಾಗದ ತಯಾರಿಸುವುದೇ ಕಾನೂನು ಪ್ರಕಾರ ತಪ್ಪು. ಮೇಲೆ ಕೆಳಗೆ ಒಂದೊಂದು ನಿಜವಾದ ನೋಟು ಇಟ್ಟು ಮಧ್ಯೆ ಬಿಳಿ ಹಾಳೆ ಸೇರಿಸಿ ಕಟ್ಟಿದರೆ ಸಾಕು. ಹತ್ತಿರದ ಶಾಟ್‌ಗೆ ನಿಮ್ಮದೇ ಅಸಲಿ ನೋಟು ಬಳಸಿ. ಖೋಟಾ ಅಂತ ಹೇಳುವ ಕೆಲಸ ಪಾತ್ರದ್ದು.

ಪೊಲೀಸ್ ಸಮವಸ್ತ್ರ ಅಥವಾ ಆಟಿಕೆ ಪಿಸ್ತೂಲು ಇದ್ದರೆ ಶೂಟಿಂಗ್‌ಗೆ ಮೊದಲೇ ಆ ಭಾಗದ ಠಾಣೆಗೆ ಲಿಖಿತವಾಗಿ ತಿಳಿಸಿ, ಒಂದು ಪ್ರತಿ ಜೇಬಿನಲ್ಲಿರಲಿ. ಇನ್ನೂ ಒಳ್ಳೆಯದು, ಸಾಹೇಬರಿಗೆ ಪಂಚೆ ಉಡಿಸಿ. ಅದೇ ಹೆಚ್ಚು ನಂಬಿಸುತ್ತದೆ.

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆದಮೇಲೆ ಅದನ್ನು ಕಥೆಗೆ ತರುವ ಆಸೆ ಅನೇಕರಿಗೆ ಬಂದಿದೆ. ಅದರ ಕಾಂಪೌಂಡ್ ಹತ್ತಿರ ಕ್ಯಾಮೆರಾ, ಡ್ರೋನ್ ಯಾವುದೂ ಬೇಡ. ನಿರ್ಬಂಧಿತ ಜಾಗಗಳ ಚಿತ್ರ, ನಕ್ಷೆ ತೆಗೆಯುವುದಕ್ಕೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅನ್ವಯವಾಗುತ್ತದೆ. ರೈಲ್ವೆ ನಿಲ್ದಾಣಕ್ಕೂ ರೈಲ್ವೆಯ ಅನುಮತಿ ಬೇಕು. ಅದರ ಬದಲು ಊರಿನ ಅರಳಿಕಟ್ಟೆ, ನಾಟಕದ ಗ್ರೀನ್ ರೂಮ್, ಮಂಡಿಪೇಟೆಯ ಬೆಳಗು ಬಳಸಿ. ಅಂಗಡಿಯವರನ್ನು, ಹೋಟೆಲ್‌ನವರನ್ನು ಹಿಂದಿನ ದಿನವೇ ಹೋಗಿ ಕೇಳಿ. ಒಪ್ಪಿಕೊಂಡರೆ ಗಿರಾಕಿ ಕಡಿಮೆ ಇರುವ ಹೊತ್ತು ಅವರೇ ಹೇಳುತ್ತಾರೆ.

ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ತಕರಾರು ಬರುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಮೇಷ್ಟ್ರಿಂದಲೇ ಹೊಸ ಮಟ್ಟು ನುಡಿಸಿ, ಅವರ ಒಪ್ಪಿಗೆ ಬರೆಸಿಕೊಂಡು, ಸಂಭಾವನೆ ಕೊಟ್ಟು ಬಳಸಿ.

## ಹಂತ 8: ಶೂಟಿಂಗ್

ನಿಜವಾದ ನಾಟಕದ ರಾತ್ರಿ ರಂಗದ ಮೇಲೆ ನಿಮ್ಮ ದೃಶ್ಯ ತೆಗೆಯಲು ಹೋಗಬೇಡಿ. ಅದು ಅವರು ತಿಂಗಳುಗಟ್ಟಲೆ ಕಾದ ರಾತ್ರಿ. ಅಂದು ದೂರದಿಂದ ಜನ, ಸೀನರಿ, ಸೀರಿಯಲ್ ಸೆಟ್ ಬೆಳಕಿನ ಶಾಟ್ ಮಾತ್ರ ತಂಡದ ಒಪ್ಪಿಗೆ ಪಡೆದು ತೆಗೆದುಕೊಳ್ಳಿ. ಮಾತಿನ ದೃಶ್ಯಗಳನ್ನು ಬೇರೆ ದಿನ, ಒಂದೇ ಪರದೆ ಮತ್ತು ನಾಲ್ಕು ಪಾತ್ರಧಾರಿಗಳನ್ನು ಇಟ್ಟುಕೊಂಡು ಹತ್ತಿರದಿಂದ ತೆಗೆಯಿರಿ. ಡ್ರೆಸ್‌ನವರಿಗೆ ರಾತ್ರಿಯ ಲೆಕ್ಕದ ಬಾಡಿಗೆ, ಹಾಗಾಗಿ ವೇಷದ ದೃಶ್ಯಗಳೆಲ್ಲ ಒಂದೇ ರಾತ್ರಿ ಮುಗಿಯಲಿ.

ನಮ್ಮಲ್ಲಿ ಕರೆಂಟ್ 50 ಹರ್ಟ್ಜ್. ಫೋನನ್ನು ಸೆಕೆಂಡಿಗೆ 25 ಫ್ರೇಮ್, ಶಟರ್ 1/50ಕ್ಕೆ ಕಟ್ಟಿಹಾಕಿದರೆ ಟ್ಯೂಬ್‌ಲೈಟ್ ಮಿನುಗುವ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಬಣ್ಣ ಹಚ್ಚಿದ ಮುಖ, ಮಿಂಚುವ ಕಿರೀಟದ ಮೇಲೆ ಬೆಳಕು ಬಿದ್ದರೆ ಫೋನು ತಾನಾಗಿ ಬೆಳಕು ಏರಿಳಿಸುತ್ತದೆ. ಮುಖದ ಮೇಲೆ ಬೆರಳು ಒತ್ತಿ ಲಾಕ್ ಮಾಡಿ.

ಸದ್ದಿಗೆ ಎರಡು ಕೆಲಸ. ಜನರೇಟರ್ ಸಾಧ್ಯವಾದಷ್ಟು ದೂರ ಇಡಿಸಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ 30 ಸೆಕೆಂಡ್ ಸುಮ್ನೆ ಅಲ್ಲಿನ ಸದ್ದು ಹಿಡಿದಿಟ್ಟುಕೊಳ್ಳಿ, ಎಡಿಟಿಂಗ್‌ನಲ್ಲಿ ಮಾತಿನ ಮಧ್ಯದ ತೂತು ಮುಚ್ಚಲು ಅದೇ ಬೇಕು. ಗೊರಗೊರ ಅನ್ನುವ ಮಧ್ಯಮವನ್ನು ನಿಜವಾದ ಪೆಟ್ಟಿಗೆಯಲ್ಲಿ, ನಿಜವಾದ ಕಾಗದ ಇಟ್ಟು, ಮೇಷ್ಟ್ರ ಕೈಲೇ ಬೇರೆಯಾಗಿ ರೆಕಾರ್ಡ್ ಮಾಡಿ. ಅವರ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಬೇಡಿ, ರೀಡ್ ತುಂಬಾ ಸೂಕ್ಷ್ಮ.

ಪ್ರತಿ ನಗೆಯ ದೃಶ್ಯಕ್ಕೂ ಎರಡು ಶಾಟ್ ತಪ್ಪದೆ ತೆಗೆಯಿರಿ: ಎಲ್ಲರೂ ಕಾಣುವ ಅಗಲದ ಶಾಟ್, ಮತ್ತು ಮಾತಾಡದೆ ಕೇಳಿಸಿಕೊಳ್ಳುವವರ ಮುಖ. ನಗು ಹೆಚ್ಚಾಗಿ ಹುಟ್ಟುವುದು ಕೇಳುವವರ ಮುಖದಲ್ಲಿ.

## ಹಂತ 9: ಎಡಿಟಿಂಗ್, ಆಮೇಲೆ ತೋರಿಸಿ ನೋಡುವುದು

ಮೊದಲ ಸಲ ಸಂಗೀತವಿಲ್ಲದೆ ಜೋಡಿಸಿ. ಸಂಗೀತ ಇಲ್ಲದೆ ನಗು ಬರದ ದೃಶ್ಯ ಸಂಗೀತ ಹಾಕಿದರೂ ನಗಿಸುವುದಿಲ್ಲ.

ಆಮೇಲೆ ಸ್ಕ್ರಿಪ್ಟ್ ಓದದ ಐದು ಜನರನ್ನು ಕೂರಿಸಿ ತೋರಿಸಿ. ಗೆಳೆಯರು ಬೇಡ, ಅವರು ನಿಮ್ಮ ಮುಖ ನೋಡಿ ನಗುತ್ತಾರೆ. ಒಬ್ಬರಾದರೂ ನಾಟಕದಲ್ಲಿ ಪಾತ್ರ ಮಾಡಿದವರು ಇರಲಿ. ಹೇಗಿತ್ತು ಅಂತ ಕೇಳಬೇಡಿ. ಎರಡೇ ಪ್ರಶ್ನೆ: ‘ಪಲ್ಲವಿ ಎರಡು ಸಲ ನುಡಿಸಿದರೆ ಏನರ್ಥ?’ ಮತ್ತು ‘ಮೇಷ್ಟ್ರು ಸಿಕ್ಕಿಬೀಳುತ್ತಾರೆ ಅಂತ ಯಾವಾಗ ಅನ್ನಿಸಿತು?’ ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಹಂತ 4ರ ಆ ಹತ್ತು ಸೆಕೆಂಡ್ ಮತ್ತೆ ತೆಗೆಯಬೇಕು. ಎರಡನೆಯದಕ್ಕೆ ‘ಅನ್ನಿಸಲೇ ಇಲ್ಲ’ ಅಂದರೆ ನಿಮ್ಮ ಖೋಟಾ ನೋಟಿನವನು ಜೋಕರ್ ಆಗಿದ್ದಾನೆ. ಅವನ ದೃಶ್ಯಗಳಲ್ಲಿ ನಗೆಯ ಮಾತು ಎಷ್ಟಿದೆ ಎಣಿಸಿ, ಎಲ್ಲವನ್ನೂ ತೆಗೆದು ಇನ್ನೊಂದು ಸಲ ಬೇರೆ ಐದು ಜನರಿಗೆ ತೋರಿಸಿ.